ಹಾಜಬ್ಬರ ಶಾಲೆಯಲ್ಲಿ ಮ್ಯಾನೇಜ್‌ಮೆಂಟ್ ಪಾಠ

ದ್ವಿತೀಯ ಪಿಯು ವ್ಯವಹಾರ ಅಧ್ಯಯನದಲ್ಲಿ ಹೆನ್ರಿ ಫಯೋಲ್ ಅವರ 14 ತತ್ವಗಳನ್ನು ನಾವೆಲ್ಲ ಬಾಯಿಪಾಠ ಮಾಡುತ್ತೇವೆ. 1888ರಲ್ಲಿ ಅವರು ಮುಖ್ಯಸ್ಥರಾದಾಗ ಅವರ ಗಣಿ ಕಂಪನಿ ದಿವಾಳಿಯಾಗುವ ಸ್ಥಿತಿಯಲ್ಲಿತ್ತು. 1918ರಲ್ಲಿ ನಿವೃತ್ತರಾಗುವಾಗ ಅದು ಭದ್ರವಾಗಿ ನಿಂತಿತ್ತು. ಈ ತತ್ವಗಳು ಕಷ್ಟದಲ್ಲಿರುವ ಶಾಲೆಗೂ ಹೊಂದುತ್ತವೆಯೇ? ನಮ್ಮ ರಾಜ್ಯದ ಒಂದು ಉದಾಹರಣೆ ನೋಡೋಣ.

ಒಂದೇ ಗುರಿ
ಹರೇಕಳ ಹಾಜಬ್ಬ ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದರು. ಅವರು ಶಾಲೆ ಕಲಿತವರಲ್ಲ. ಬ್ಯಾರಿ, ತುಳು ಬರುತ್ತಿತ್ತು. ವಿದೇಶಿ ಪ್ರವಾಸಿಗರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದಾಗ ಉತ್ತರ ಕೊಡಲಾಗಲಿಲ್ಲ. ತನ್ನೂರು ನ್ಯೂಪಡ್ಪುವಿನ ಮಕ್ಕಳಿಗೆ ಹೀಗಾಗಬಾರದು ಎಂದು ಅವರು ನಿರ್ಧರಿಸಿದರು. ಆಗ ಆ ಊರಿನಲ್ಲಿ ಶಾಲೆಯೇ ಇರಲಿಲ್ಲ. ಫಯೋಲ್ ಹೇಳುವ 'ನಿರ್ದೇಶನದ ಏಕತೆ' ಇದೇ: ಗುರಿ ಒಂದು, ಎಲ್ಲ ಪ್ರಯತ್ನವೂ ಅದರ ಕಡೆಗೆ.

ಹಲವರ ಪಾಲು
ಹಾಜಬ್ಬ ತಮ್ಮ ಉಳಿತಾಯ ಹಾಕಿದರು, ಕಚೇರಿಗಳಿಗೆ ಅಲೆದರು. ಆದರೆ ಅಷ್ಟರಿಂದಲೇ ಶಾಲೆ ಆಗಲಿಲ್ಲ. ಆಗಿನ ಶಾಸಕ ಯು.ಟಿ. ಫರೀದ್ ಅವರ ನೆರವಿನಿಂದ ಮಂಜೂರಾತಿ ಸಿಕ್ಕಿತು. ಮದರಸದ ಕಟ್ಟಡದಲ್ಲಿ ಜಾಗ ಸಿಕ್ಕಿತು. 2000ದ ಹೊತ್ತಿಗೆ 28 ಮಕ್ಕಳೊಂದಿಗೆ ತರಗತಿ ಶುರುವಾಯಿತು. ದಾನಿಗಳು ಜೊತೆಗೂಡಿದರು, ಸ್ವಂತ ಕಟ್ಟಡ ಬಂತು, ಮುಂದೆ ಪ್ರೌಢಶಾಲೆಯೂ ಆಯಿತು. ತಮಗೆ ಬಂದ ಬಹುಮಾನದ ಹಣವನ್ನೂ ಅವರು ಶಾಲೆಗೇ ಕೊಟ್ಟರು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಇಂದಿಗೂ ಅದು ಸರ್ಕಾರಿ ಶಾಲೆ, ಹಾಜಬ್ಬ ಅದರ ಮಾಲೀಕರಲ್ಲ. ಸ್ವಂತ ಹಿತಕ್ಕಿಂತ ಸಂಸ್ಥೆಯ ಹಿತ ಮುಖ್ಯ ಎಂಬ ತತ್ವಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ನಮ್ಮ ಬಡಾವಣೆಗಳಲ್ಲಿ
ಹಾಜಬ್ಬರಂಥವರು ಎಲ್ಲ ಊರಲ್ಲೂ ಸಿಗುವುದಿಲ್ಲ. ಅದಕ್ಕೇ 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಸರ್ಕಾರಿ ಶಾಲೆಗೂ ಸಮಿತಿ ಇರಬೇಕು ಎನ್ನುತ್ತದೆ. ನಮ್ಮಲ್ಲಿ ಅದು ಎಸ್‌ಡಿಎಂಸಿ. ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಶಾಲೆಯ ಅಭಿವೃದ್ಧಿ ಯೋಜನೆ ಮಾಡುವುದು, ಅನುದಾನ ಹೇಗೆ ಖರ್ಚಾಗುತ್ತಿದೆ ಎಂದು ನೋಡುವುದು ಇವರ ಕೆಲಸ.

ಆದರೆ ಬಿಟಿಎಂ, ಜೆ.ಪಿ. ನಗರದ ಎಷ್ಟೋ ಮನೆಗಳಂತೆ ನಮ್ಮ ಮನೆಯಲ್ಲೂ ಮಾತು ಉರ್ದು. ತಮ್ಮನ ಶಾಲೆಯ ಸಭೆಗೆ ಹೋದರೆ ಅಮ್ಮಿ ಹಿಂದಿನ ಬೆಂಚಿನಲ್ಲಿ ಕೂತು, ಸಹಿ ಹಾಕಿ ಬರುತ್ತಾರೆ. ಮನೆಯಲ್ಲಿ ಮಾತ್ರ ಶಾಲೆಯ ಬಗ್ಗೆ ಅವರಿಗೆ ಹತ್ತು ಸಲಹೆಗಳಿರುತ್ತವೆ. ಗುರಿ ಏನೆಂದೇ ತಿಳಿಯದವರು ಆ ಗುರಿಗೆ ಕೈ ಜೋಡಿಸುವುದು ಹೇಗೆ?

ಇಲ್ಲಿ ನಮಗೆ ಕೆಲಸವಿದೆ. ನಮಗೆ ಉರ್ದುವೂ ಬರುತ್ತದೆ, ಕನ್ನಡವೂ ಬರುತ್ತದೆ, ಲೆಕ್ಕ ಓದಲೂ ಬರುತ್ತದೆ. ಮುಖ್ಯ ಶಿಕ್ಷಕರ ಅನುಮತಿ ಕೇಳಿ ನಿಮ್ಮ ಅಮ್ಮಿಯ ಜೊತೆ ಮುಂದಿನ ಸಭೆಗೆ ಹೋಗಿ. ಮೂರು ಪ್ರಶ್ನೆಗಳನ್ನು ಅವರೇ ಕೇಳಲಿ, ನೀವು ಕನ್ನಡದಲ್ಲಿ ಹೇಳಿ:

1. ಈ ವರ್ಷ ಶಾಲೆಯ ಮುಖ್ಯ ಗುರಿ ಯಾವುದು?
2. ಅದರಲ್ಲಿ ಯಾರ ಜವಾಬ್ದಾರಿ ಏನು?
3. ಬಂದ ಹಣ ಎಷ್ಟು, ಖರ್ಚಾದದ್ದು ಯಾವುದಕ್ಕೆ?

ಉತ್ತರಗಳನ್ನು ಅಲ್ಲೇ ಉರ್ದುವಿನಲ್ಲಿ ತಿಳಿಸಿ. ಅಮ್ಮಿಯ ಸಲಹೆಗಳನ್ನೂ ಸಭೆಯ ಮುಂದೆ ಇಡಿ.