ಘನ ಮೀಟರ್, ಲೀಟರ್, ಟಿಎಂಸಿ: ಘನಫಲದ ಗೊಂದಲಗಳಿಗೆ ಉತ್ತರ

ಪ್ರಶ್ನೆ: ಮಗಳು ಎಂಟನೇ ತರಗತಿ. ಸೂತ್ರಗಳೆಲ್ಲ ಬಾಯಿಪಾಠ. ಆದರೂ ಪರೀಕ್ಷೆಯಲ್ಲಿ 2 ಘನ ಮೀಟರ್ ಎಂದರೆ 200 ಘನ ಸೆಂಟಿಮೀಟರ್ ಎಂದು ಬರೆದು ಬಂದಿದ್ದಾಳೆ. ಇವಳಿಗೆ ಗಣಿತ ತಲೆಗೆ ಹತ್ತುವುದೇ ಇಲ್ಲವೇನೋ ಎಂಬ ಭಯ. ಟ್ಯೂಷನ್‌ಗೆ ಹಾಕಬೇಕೆ?
– ಒಬ್ಬ ತಾಯಿ, ಹಾಸನ

ಉತ್ತರ: ಸೂತ್ರ ಬಾಯಿಗೆ ಬಂದ ಮೇಲೂ ಉತ್ತರ ತಪ್ಪಾದರೆ ಹೆತ್ತವರಿಗೆ ದಿಕ್ಕು ತೋಚುವುದಿಲ್ಲ, ನಿಮ್ಮ ಆತಂಕ ಸಹಜವೇ. ಆದರೆ ಅವಳು ಬರೆದದ್ದನ್ನು ಇನ್ನೊಮ್ಮೆ ನೋಡಿ. ಒಂದು ಮೀಟರ್‌ಗೆ 100 ಸೆಂ.ಮೀ. ಎಂಬುದು ಅವಳಿಗೆ ಚೆನ್ನಾಗಿಯೇ ಗೊತ್ತಿದೆ. ಉದ್ದಕ್ಕೆ ಸಲ್ಲುವ ಆ ನೂರನ್ನು ಘನಫಲಕ್ಕೂ (ವಸ್ತು ಹಿಡಿಯುವ ಜಾಗದ ಅಳತೆ) ಒಂದೇ ಸಲ ಹಾಕಿ ಸುಮ್ಮನಾಗಿದ್ದಾಳೆ. ಈ ವಯಸ್ಸಿನಲ್ಲಿ ತೀರಾ ಸಾಮಾನ್ಯವಾದ ತಪ್ಪು ಇದು.

ಮನೆಯ ಒಂದು ಮೂಲೆಯಲ್ಲಿ ಸೀಮೆಸುಣ್ಣದಿಂದ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕ ಬರೆಯಿರಿ. ಗೋಡೆಯ ಮೇಲೆ ಒಂದು ಮೀಟರ್ ಎತ್ತರಕ್ಕೆ ಗೆರೆ ಎಳೆಯಿರಿ. ಅಷ್ಟು ಜಾಗ ತುಂಬಲು 1 ಸೆಂ.ಮೀ. ಘನಗಳು (ಉದ್ದ, ಅಗಲ, ಎತ್ತರ ಮೂರೂ ಸಮನಾದ ತುಂಡುಗಳು) ಎಷ್ಟು ಬೇಕು ಎಂದು ಅವಳನ್ನೇ ಕೇಳಿ. ಒಂದು ಸಾಲಿಗೆ 100. ಅಂಥ ಸಾಲುಗಳು 100, ಅಂದರೆ ನೆಲದ ಪದರ ಒಂದಕ್ಕೇ 10,000. ಅಂಥ ಪದರಗಳು 100, ಒಟ್ಟು 10 ಲಕ್ಷ. 2 ಘನ ಮೀಟರ್‌ಗೆ 20 ಲಕ್ಷ. ಅವಳು ಬರೆದ 200ರಲ್ಲಿ ನೆಲದ ಮೇಲೆ ಎರಡೇ ಸಾಲು ಮುಗಿಯುತ್ತದೆ. ಇದನ್ನು ಬೆರಳಿಟ್ಟು ತೋರಿಸಿ, ಬಯ್ಯಬೇಡಿ.

ಲೀಟರ್‌ನದ್ದೂ ಹೀಗೇ ಕಾಣಿಸಬಹುದು. ರಟ್ಟಿನಲ್ಲಿ ಒಳಅಳತೆ ಎಲ್ಲ ಕಡೆ 10 ಸೆಂ.ಮೀ. ಇರುವ ಡಬ್ಬ ಮಾಡಿ, ಒಳಗೆ ಪ್ಲಾಸ್ಟಿಕ್ ಕವರ್ ಹಾಸಿ, ಒಂದು ಲೀಟರ್ ನೀರು ಸುರಿಯಿರಿ. ಬಾಯಿಮಟ್ಟಕ್ಕೆ ಬಂದು ನಿಲ್ಲುತ್ತದೆ. (ರಟ್ಟು ಉಬ್ಬದಂತೆ ನಾಲ್ಕೂ ಕಡೆ ಒತ್ತಿ ಹಿಡಿಯಿರಿ. ಉಬ್ಬಿದರೆ ನೀರು ಕೆಳಗೇ ನಿಂತು, ಅದಕ್ಕೊಂದು ಪ್ರಶ್ನೆ ಬರುತ್ತದೆ.) 10 × 10 × 10 = 1,000 ಘನ ಸೆಂ.ಮೀ. = 1 ಲೀಟರ್. ಇಂಥ ಡಬ್ಬಗಳು ಆ ಮೂಲೆಯಲ್ಲಿ ಸಾವಿರ ಹಿಡಿಯುತ್ತವೆ, ಹಾಗಾಗಿ 1 ಘನ ಮೀಟರ್ ಎಂದರೆ 1,000 ಲೀಟರ್. ನೀರಿನ ಬಿಲ್ಲಿನಲ್ಲಿ ಬರುವ ಕಿಲೋಲೀಟರ್ ಕೂಡ ಇದೇ.

ಟ್ಯೂಷನ್ ಸದ್ಯಕ್ಕೆ ಬೇಡ.

ಪ್ರಶ್ನೆ: ನಾನು ಏಳನೇ ತರಗತಿ. ಲೆಕ್ಕದಲ್ಲಿ ಮೀಟರ್, ಸೆಂಟಿಮೀಟರ್ ಎರಡೂ ಬಂದರೆ ಕೈ ನಡುಗುತ್ತದೆ. ಗುಣಿಸಬೇಕೋ ಭಾಗಿಸಬೇಕೋ ತಿಳಿಯುವುದಿಲ್ಲ.
– ಒಬ್ಬ ವಿದ್ಯಾರ್ಥಿ, ಶಿರಸಿ

ಉತ್ತರ: ಎಲ್ಲಿ ತಡವರಿಸುತ್ತೀರಿ ಎಂಬುದು ನಿಮಗೇ ಗೊತ್ತಿದೆ, ಅರ್ಧ ಕೆಲಸ ಆದಂತೆ. ಮಾನ (ಅಳೆಯುವ ಘಟಕ) ಚಿಕ್ಕದಾದರೆ ಅಂಕಿ ದೊಡ್ಡದಾಗಬೇಕು, ಆದ್ದರಿಂದ ಗುಣಿಸಿ. ಮಾನ ದೊಡ್ಡದಾದರೆ ಅಂಕಿ ಚಿಕ್ಕದಾಗಬೇಕು, ಭಾಗಿಸಿ. ಇದನ್ನು ಸೂತ್ರ ಹಾಕುವ ಮೊದಲೇ ಮುಗಿಸಿಕೊಳ್ಳಿ.

ಒಂದು ತೊಟ್ಟಿ: ಉದ್ದ 1.5 ಮೀಟರ್, ಅಗಲ 80 ಸೆಂ.ಮೀ., ಆಳ 60 ಸೆಂ.ಮೀ. ಹಾಗೇ ಗುಣಿಸಿದರೆ 7,200 ಬರುತ್ತದೆ. ಏನು 7,200? ಘನ ಮೀಟರೂ ಅಲ್ಲ, ಘನ ಸೆಂಟಿಮೀಟರೂ ಅಲ್ಲ. ಮೊದಲು 1.5 ಮೀಟರನ್ನು 150 ಸೆಂ.ಮೀ. ಮಾಡಿಕೊಳ್ಳಿ. 150 × 80 × 60 = 7,20,000 ಘನ ಸೆಂ.ಮೀ., 1,000ದಿಂದ ಭಾಗಿಸಿದರೆ 720 ಲೀಟರ್.

ನನಗೆ ಇನ್ನೂ ಇಷ್ಟವಾದ ದಾರಿ ಡೆಸಿಮೀಟರ್ (10 ಸೆಂ.ಮೀ.). 15 × 8 × 6 = 720, ನೇರವಾಗಿ ಲೀಟರ್! ಪಠ್ಯಪುಸ್ತಕಗಳು ಇದಕ್ಕೆ ಇನ್ನಷ್ಟು ಜಾಗ ಕೊಡಬೇಕಿತ್ತು.

ಪ್ರಶ್ನೆ: ನಮ್ಮ ಸಂಪು 8 ಅಡಿ ಉದ್ದ, 6 ಅಡಿ ಅಗಲ, 5 ಅಡಿ ಆಳ. ಮೇಸ್ತ್ರಿ 7,000 ಲೀಟರ್ ಅಂದರು, ಮೊಮ್ಮಗ 6,800 ಅನ್ನುತ್ತಾನೆ. ಯಾರ ಮಾತು ನಂಬಲಿ?
– ಹಿರಿಯರೊಬ್ಬರು, ಮಂಡ್ಯ

ಉತ್ತರ: ಮೊಮ್ಮಗನ ಲೆಕ್ಕ ಸರಿ. 240 ಘನ ಅಡಿ, ಒಂದು ಘನ ಅಡಿಗೆ ಸುಮಾರು 28.3 ಲೀಟರ್. ಮೇಸ್ತ್ರಿ ಅಂದಾಜಿಗೆ ಹೇಳಿದ್ದಾರೆ, ಮೋಸವೇನಿಲ್ಲ. ನೀವು ಅಳೆದದ್ದು ಗೋಡೆಯ ಒಳಗಿನಿಂದಲೇ ತಾನೆ, ನೋಡಿಕೊಳ್ಳಿ.

ಕೆಆರ್‌ಎಸ್ ಸುದ್ದಿಯಲ್ಲಿ ನೀವು ಓದುವ ಟಿಎಂಸಿ ಕೂಡ ಘನ ಅಡಿಯದೇ ಲೆಕ್ಕ, 100 ಕೋಟಿ ಘನ ಅಡಿ. ಅದು ಎಷ್ಟು ಲೀಟರ್ ಆಗುತ್ತದೆ ಎಂದು ಮೊಮ್ಮಗನನ್ನು ಕೇಳಿ. ಸುಮಾರು 2,832 ಕೋಟಿ ಎಂದರೆ ಪೂರ್ತಿ ಅಂಕ ಕೊಡಿ.