ಹಾಲ್‌ನ ಮೂಲೆಯಲ್ಲೊಂದು ಮಾಂಟೆಸ್ಸೊರಿ

ಮುಂಬೈಯ ಸಯನ್‌ನ ಒನ್ ಬಿಎಚ್‌ಕೆಯಲ್ಲಿ ಮಗುವಿಗೆಂದೇ ಬೇರೆ ಕೋಣೆ ಎಲ್ಲಿಂದ ತರುವುದು? ಬೇಕಿಲ್ಲ. ಕಿಟಕಿ ಪಕ್ಕ ಚಾಪೆ ಹಾಸುವಷ್ಟು ಜಾಗ ಸಾಕು. ಈ ಕಲಿಕಾ ಪದ್ಧತಿ ರೂಪಿಸಿದ ಮಾರಿಯಾ ಮಾಂಟೆಸ್ಸೊರಿ 1907ರಲ್ಲಿ ಮೊದಲ ‘ಮಕ್ಕಳ ಮನೆ’ ತೆರೆದದ್ದೂ ರೋಮ್‌ನ ಬಡ ಕೂಲಿಕಾರರ ವಠಾರದಲ್ಲೇ.

ಮೊದಲು ನೀವೇ ನೆಲದ ಮೇಲೆ ಕುಳಿತು ನೋಡಿ. ಮಗುವಿನ ಕಣ್ಣಿಗೆ ಏನು ಕಾಣುತ್ತದೆ, ಕೈಗೆ ಏನು ಎಟುಕುತ್ತದೆ? ಅಷ್ಟೇ ಎತ್ತರದ, ಬಾಗಿಲಿಲ್ಲದ ಕಪಾಟು ಇಟ್ಟು ಗೋಡೆಗೆ ಸ್ಕ್ರೂ ಹಾಕಿ ಬಿಗಿಯಿರಿ. ಅದರಲ್ಲಿ ಐದಾರು ಸಾಮಾನು ಮಾತ್ರ, ಒಂದೊಂದಕ್ಕೂ ಒಂದು ತಟ್ಟೆ, ಒಂದು ಖಾಯಂ ಜಾಗ. ಆಟಿಕೆ ತುಂಬಿದ ಬುಟ್ಟಿ ದಯವಿಟ್ಟು ಅಟ್ಟ ಸೇರಲಿ. ಮಾಂಟೆಸ್ಸೊರಿ ಶಾಲೆಯಲ್ಲೂ ಒಂದು ಬಗೆಯ ಪರಿಕರ ಒಂದೇ ಇರುತ್ತದೆ. ಗೆಳೆಯ ಮುಗಿಸುವ ತನಕ ಕಾಯುವುದೂ ಅಲ್ಲಿ ಕಲಿಕೆಯೇ.

ಶುರು ಮಾಡುವುದು ಅಡುಗೆಮನೆಯಿಂದ. ಎರಡು ಪುಟ್ಟ ಸ್ಟೀಲ್ ಲೋಟ, ಒಂದರಲ್ಲಿ ಅರ್ಧದಷ್ಟು ಅಕ್ಕಿ. ಮಾತಾಡದೆ, ನಿಧಾನವಾಗಿ ಒಂದರಿಂದ ಇನ್ನೊಂದಕ್ಕೆ ಸುರಿದು ತೋರಿಸಿ ಕೊಡಿ. ಚೆಲ್ಲಿದರೆ ಗದರಬೇಡಿ. ಎಲ್ಲಿ ಕೈ ತಪ್ಪಿತೆಂದು ತಟ್ಟೆಗೆ ಬಿದ್ದ ಅಕ್ಕಿಯೇ ಹೇಳುತ್ತದೆ. ಮೂರು ವರ್ಷದ ಮಗು ಉಸಿರು ಬಿಗಿಹಿಡಿದು ಒಂದೊಂದೇ ಕಾಳು ಹೆಕ್ಕುವುದನ್ನು ನೋಡಬೇಕು! ನಾಳೆ ಪೆನ್ಸಿಲ್ ಹಿಡಿಯುವುದು ಅದೇ ಬೆರಳುಗಳು. ಹೆಕ್ಕುವಾಗ ‘ಶಭಾಷ್’ ಎಂದೂ ಕೂಗಬೇಡಿ, ಏಕಾಗ್ರತೆ ಮುರಿಯುತ್ತದೆ. ಸಿಕ್ಕಿದ್ದೆಲ್ಲ ಬಾಯಿಗೆ ಹಾಕುವ ವಯಸ್ಸಾದರೆ ಕಾಳು, ಮಣಿಗಳ ಗೊಡವೆಯೇ ಬೇಡ.

ಮಾಂಟೆಸ್ಸೊರಿ ಶಾಲೆಗಳಲ್ಲಿರುವ, 1ರಿಂದ 10 ಸೆಂ.ಮೀ. ವರೆಗಿನ ಹತ್ತು ಘನಗಳ ಗುಲಾಬಿ ಗೋಪುರ ದುಬಾರಿ. ಒಂದರೊಳಗೊಂದು ಕೂರುವ ಸ್ಟೀಲ್ ಡಬ್ಬಿಗಳೂ ಚಿಕ್ಕದು ದೊಡ್ಡದು ಕಲಿಸುತ್ತವೆ. 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ ಬಾಲವಾಡಿ ಶುರುಮಾಡಿದ ತಾರಾಬಾಯಿ ಮೋಡಕ್, ಅನುತಾಯಿ ವಾಘ್ ಕೂಡ ಊರಲ್ಲೇ ಸಿಗುವ ಎಲೆ, ಬೀಜಗಳನ್ನೇ ಬಳಸಿದರು.

ಇನ್ನು ಅಕ್ಷರ. ಕೆಳಗಿಳಿದರೆ ಮರಾಠಿ, ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಕನ್ನಡಕ್ಕೆ ಉಳಿದಿರುವುದು ಈ ಚಾಪೆಯೊಂದೇ, ಹಾಗಾಗಿ ಇದನ್ನು ಬಿಡಲೇಬೇಡಿ. ಹಾರ್ಡ್‌ವೇರ್ ಅಂಗಡಿಯ ಪಾಲಿಶ್ ಪೇಪರ್‌ನಲ್ಲಿ ದೊಡ್ಡದಾಗಿ ಅಕ್ಷರ ಕತ್ತರಿಸಿ ರಟ್ಟಿಗೆ ಅಂಟಿಸಿ. ಸ್ವರಕ್ಕೆ ನೀಲಿ ರಟ್ಟು, ವ್ಯಂಜನಕ್ಕೆ ಗುಲಾಬಿ. ಬರೆಯುವ ದಿಕ್ಕಿನಲ್ಲೇ ಎರಡು ಬೆರಳಿನಿಂದ ಸವರುತ್ತಾ ‘ಗ’ ಎನ್ನಿ. ನಮ್ಮಲ್ಲಿ ಅಕ್ಷರದ ಹೆಸರೂ ಉಲಿಯೂ ಒಂದೇ, ಮಗುವಿಗೆ ಗೊಂದಲವಿಲ್ಲ. ಒಂದು ಸಲಕ್ಕೆ ಎರಡು ಮೂರು ಅಕ್ಷರ ಸಾಕು. ಮೊದಲು “ಇದು ಗ”, ಆಮೇಲೆ “ಗ ಎಲ್ಲಿದೆ, ತೋರಿಸು”, ಕೊನೆಗೆ “ಇದೇನು?” ತಪ್ಪು ಹೇಳಿದರೆ ತಿದ್ದದೆ ರಟ್ಟು ಎತ್ತಿಡಿ, ನಾಳೆ ಮತ್ತೆ ಮೊದಲಿನಿಂದ ತೋರಿಸಿ. ಚಾಪೆಯನ್ನು ಮಾತ್ರ ಮಗುವೇ ಸುತ್ತಿ ಇಡಲಿ.