ಮರಿ ಟರಾಂಟುಲಾಗೆ ಊಟ ಹೇಗೆ?



ಮೊಬೈಲ್‌ನಲ್ಲಿ ಕೆಲವರು ದೊಡ್ಡ ಜೇಡವನ್ನು ಡಬ್ಬಿಯಲ್ಲಿ ಸಾಕುವ ವಿಡಿಯೋ ನೋಡಿರುತ್ತೀರಿ. ಅದೇ ಟರಾಂಟುಲಾ. ಹೊಳೆಯುವ ನೀಲಿ ಬಣ್ಣದ ಒಂದು ಜಾತಿ ನಮಗೆ ದೂರದ್ದೇನೂ ಅಲ್ಲ. ಗದ್ವಾಲದಲ್ಲಿ ರೈಲು ಹತ್ತಿ ಕರ್ನೂಲು, ಡೋಣ್ ದಾಟಿದರೆ ಗುತ್ತಿ ಬರುತ್ತದಲ್ಲ, 1899ರಲ್ಲಿ ಪೋಕಾಕ್ ಎಂಬ ವಿಜ್ಞಾನಿ ಇದನ್ನು ವರ್ಣಿಸಿದ್ದು ಆ ಊರಲ್ಲಿ ಸಿಕ್ಕ ಜೇಡದಿಂದಲೇ. ಹೆಸರು ಪೊಯಿಸಿಲೋಥೀರಿಯಾ ಮೆಟಾಲಿಕಾ. ಆಮೇಲೆ ನೂರು ವರ್ಷ ಯಾರಿಗೂ ಕಾಣಲಿಲ್ಲ. 2001ರಲ್ಲಿ ನಂದ್ಯಾಲ–ಗಿದ್ದಲೂರು ನಡುವಿನ ಕಾಡಿನಲ್ಲಿ ಮತ್ತೆ ಸಿಕ್ಕಿತು.

ಹಲ್ಲಿಲ್ಲದ ಊಟ

ಮೊಟ್ಟೆಯಿಂದ ಬಂದ ಮರಿ ಮೊದಲು ಏನೂ ತಿನ್ನುವುದಿಲ್ಲ. ಉದರದಲ್ಲಿ ಉಳಿದ ಭಂಡಾರವೇ (ಮೊಟ್ಟೆಯ ಹಳದಿ ಭಾಗ) ಅದರ ಬುತ್ತಿ. ಪೊರೆ ಕಳಚಿ ಬೆಳೆದ ಮೇಲೆ ಬೇಟೆ ಶುರು. ಸಾಕುವವರು ಹಣ್ಣಿನ ನೊಣ, ಕ್ರಿಕೆಟ್ ಹುಳುವಿನ ಪುಟ್ಟ ಮರಿ ಕೊಡುತ್ತಾರೆ. ಲೆಕ್ಕ ಸರಳ: ಬೇಟೆ ಜೇಡದ ಉದರಕ್ಕಿಂತ ದೊಡ್ಡದಿರಬಾರದು.

ಜೇಡ ಅಗಿದು ನುಂಗುವುದಿಲ್ಲ. ಬೇಟೆಯ ಮೇಲೆ ಕಿಣ್ವಗಳಿರುವ ರಸ ಬಿಡುತ್ತದೆ, ಮಾಂಸ ಕರಗಿ ದ್ರವವಾಗುತ್ತದೆ, ಅದನ್ನು ಹೀರುತ್ತದೆ. ನಮ್ಮ ಹೊಟ್ಟೆಯೊಳಗೆ ಆಗೋ ಕೆಲಸ ಇಲ್ಲಿ ಹೊರಗೇ ಆಗುತ್ತದೆ. ಇದು ಬಾಹ್ಯ ಜೀರ್ಣಕ್ರಿಯೆ.

ಊಟ ಬಿಟ್ಟರೆ ಗಾಬರಿ ಬೇಡ

ಸಂಧಿಪದಿಗಳ ಹೊರಕವಚ ಹಿಗ್ಗುವುದಿಲ್ಲ. ಬೆಳೆಯಬೇಕಾದರೆ ಹಳೆಯದನ್ನು ಕಳಚಲೇಬೇಕು. ಆ ಸಮಯ ಹತ್ತಿರ ಬಂದಾಗ ಮರಿ ತಿನ್ನುವುದನ್ನು ನಿಲ್ಲಿಸುತ್ತದೆ. ಆಗ ಡಬ್ಬಿಯಲ್ಲಿ ಜೀವಂತ ಕ್ರಿಕೆಟ್ ಬಿಟ್ಟರೆ ಏನಾಗುತ್ತೆ? ಮೆತ್ತಗಿರುವ ಜೇಡವನ್ನು ಕ್ರಿಕೆಟ್ಟೇ ಕಚ್ಚಬಹುದು! ಅದಕ್ಕೇ ತಿನ್ನದೆ ಬಿಟ್ಟ ಬೇಟೆಯನ್ನು ತೆಗೆಯುತ್ತಾರೆ. ಪೊರೆ ಬಿಟ್ಟ ಮೇಲೂ ಕೋರೆಹಲ್ಲು ಮೊದಲು ಬಿಳಿಯಾಗಿ ಮೆತ್ತಗಿರುತ್ತದೆ. ಅದು ಗಟ್ಟಿಯಾಗಿ ಕಪ್ಪಾಗುವವರೆಗೆ ಕಾಯಬೇಕು. ನೀರಿನ ಹನಿ ಮಾತ್ರ ಯಾವಾಗಲೂ ಇರಬೇಕು. ಯಾಕೆಂದರೆ ಜೇಡ ಕಾಲು ಚಾಚುವುದು ದೇಹದೊಳಗಿನ ದ್ರವದ ಒತ್ತಡದಿಂದ. ನೀರು ಕಡಿಮೆಯಾದರೆ ಕಾಲುಗಳು ಒಳಕ್ಕೆ ಮಡಚಿಕೊಳ್ಳುತ್ತವೆ.

ಹಾಗಾದ್ರೆ ನಾವೂ ಹಿಡಿದು ಸಾಕೋಣವೇ?

ಬೇಡ. ಈ ನೀಲಿ ಜೇಡ ಹಳೆಯ ಮರಗಳ ಪೊಟರೆಯಲ್ಲಿ ವಾಸಿಸುತ್ತದೆ. ಮರ ಕಡಿದರೆ ಮನೆಯೂ ಹೋಯ್ತು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಇದು ತೀವ್ರ ಅಳಿವಿನಂಚಿನ ಜೀವಿ. ಸಾಕಲೆಂದು ಕಾಡಿನಿಂದ ಹಿಡಿದು ಮಾರುವುದೂ ಇದಕ್ಕೆ ಅಪಾಯ. 2019ರಲ್ಲಿ ಈ ಕುಲದ ಎಲ್ಲ ಜೇಡಗಳನ್ನೂ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಪಟ್ಟಿಗೆ ಸೇರಿಸಲಾಯಿತು. ಇದು ಕಚ್ಚಿದರೆ ತುಂಬಾ ನೋವು, ಸ್ನಾಯು ಸೆಳೆತ ಬರುತ್ತದೆ. ಆಗ ಮನೆಮದ್ದು ಮಾಡುತ್ತಾ ಕೂರದೆ ಆಸ್ಪತ್ರೆಗೆ ಹೋಗಬೇಕು.

ಧರೂರಿನ ಹೊಲದ ಬದುವಿನಲ್ಲೋ ಹಳೇ ಮರದಲ್ಲೋ ದೊಡ್ಡ ಜೇಡ ಕಂಡರೆ ಕಲ್ಲು ಎತ್ತಬೇಡಿ, ಕೈಯನ್ನೂ ಹಾಕಬೇಡಿ. ಅದು ಹುಳುಗಳನ್ನು ತಿಂದು ತನ್ನ ಪಾಡಿಗೆ ಇರಲಿ.

ಮಾಡಿ ನೋಡಿ

ಮನೆಯ ಮೂಲೆಯ ಜೇಡರ ಬಲೆಯನ್ನು ದೂರದಿಂದಲೇ ಎರಡು ವಾರ ಗಮನಿಸಿ. ಯಾವ ಹುಳು ಸಿಕ್ಕಿತು, ಎಷ್ಟು ದಿನ ತಿನ್ನಲಿಲ್ಲ, ಕಳಚಿದ ಪೊರೆ ನೇತಾಡುತ್ತಿದೆಯೇ – ದಿನಾಂಕ ಹಾಕಿ ಬರೆಯಿರಿ.

ಯೋಚಿಸಿ ಉತ್ತರಿಸಿ

1. ಜೇಡ ತಿಂದ ಮೇಲೆ ಹುಳುವಿನ ಖಾಲಿ ಸಿಪ್ಪೆ ಮಾತ್ರ ಉಳಿಯುವುದೇಕೆ?
2. ಸತ್ತ ಜೇಡದ ಕಾಲುಗಳು ಮಡಚಿಕೊಂಡಿರುವುದೇಕೆ?